ಡಿಕ್ಕಿಯಲ್ಲಿ ಉರಿಯುತ್ತಿದ್ದ ದೀಪ

ಶುಕ್ರವಾರ, ಬೆಳಗಿನ ಐದೂಮುಕ್ಕಾಲು. ಅವ್ವನನ್ನು ಹಿಂದಿನ ಸೀಟಿನಲ್ಲಿ ಕೂಡಿಸಿ, ಗಾಲಿಕುರ್ಚಿ ಮಡಚಿ ಡಿಕ್ಕಿಗೆ ಹಾಕಿ, ಬಂದು ಕೀ ತಿರುಗಿಸಿದೆ. ‘ಟಿಕ್ ಟಿಕ್ ಟಿಕ್’ ಅಂದಿತು, ಅಷ್ಟೇ. ಮೀಟರಿನ ದೀಪಗಳು ಒಂದು ಸಲ ಹತ್ತಿ ಮಂಕಾದವು. ಆರೂವರೆಗೆ ಅವ್ವನಿಗೆ ಡಯಾಲಿಸಿಸ್. ನಾಲ್ಕು ತಾಸಿನ ಕೆಲಸ ಅದು. ಒಬ್ಬರದು ಮುಗಿಯುವುದನ್ನೇ ಇನ್ನೊಬ್ಬರು ಕಾಯುತ್ತಿರುತ್ತಾರೆ. ನಾವು ತಡ ಮಾಡಿದರೆ ಅವರಿಗೂ ತಡ. ಆವತ್ತು ಆಟೋ ಹಿಡಿದು ಹೋದೆವು. ದಾರಿಯ ಒಂದೊಂದು ಗುಂಡಿ ಬಂದಾಗಲೂ ಅವ್ವ ನನ್ನ ಮುಂಗೈ ಗಟ್ಟಿಯಾಗಿ ಹಿಡಿಯುತ್ತಿದ್ದಳು. ಬಾಯಿಬಿಟ್ಟು ಏನೂ ಅನ್ನಲಿಲ್ಲ.

ನಾನು ಮೆಕ್ಯಾನಿಕ್ ಅಲ್ಲ. ರಾಯಚೂರಿನ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ನಮ್ಮ ಗಾಡಿ 2013ರ ಪೆಟ್ರೋಲ್ ಸೆಡಾನ್. 2021ರಲ್ಲಿ, ಅವ್ವನ ಡಯಾಲಿಸಿಸ್ ಶುರುವಾದ ವರ್ಷ, ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಸೆಡಾನೇ ಬೇಕು ಅಂತ ಹುಡುಕಿದ್ದು ಅವಳ ಸಲುವಾಗಿ. ಎತ್ತರದ ಗಾಡಿಗೆ ಕಾಲೆತ್ತಿ ಹತ್ತುವುದು ಅವಳಿಂದ ಆಗುವುದಿಲ್ಲ, ಬರುವಾಗ ಹಿಂದಿನ ಸೀಟಿನಲ್ಲಿ ಮಲಗಬೇಕು, ಕುರ್ಚಿ ಡಿಕ್ಕಿಯಲ್ಲಿ ಹಿಡಿಸಬೇಕು. ಮಂಗಳವಾರ, ಶುಕ್ರವಾರ ಈ ಎರಡು ದಿನ ಗಾಡಿ ಹೊರಡಲೇಬೇಕು. ಉಳಿದ ದಿನ ಅದು ಮನೆ ಮುಂದೆ ಬೇವಿನ ಮರದ ಕೆಳಗೆ ನಿಂತಿರುತ್ತದೆ, ನಾನು ಬೈಕಿನಲ್ಲಿ ಮಿಲ್ಲಿಗೆ ಹೋಗುತ್ತೇನೆ.

ಮಧ್ಯಾಹ್ನ ಬ್ಯಾಟರಿ ಅಂಗಡಿಯವನನ್ನು ಕರೆಸಿದೆ. ‘ಮೂರು ವರ್ಷ ಆಗ್ಯಾದಲ್ರಿ, ನಮ್ಮ ಬಿಸಿಲಿಗೆ ಇಷ್ಟು ಬಂದದ್ದೇ ದೊಡ್ಡದು, ಹೊಸಾದು ಹಾಕ್ಸಿಬಿಡ್ರಿ’ ಅಂದ. ಅವನ ಮಾತು ಸುಳ್ಳಲ್ಲ. ಬ್ಯಾಟರಿಗೆ ಚಳಿಗಿಂತ ಸೆಕೆಯೇ ದೊಡ್ಡ ಶತ್ರು, ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಮಾಮೂಲು. 4,800 ರೂಪಾಯಿ ಕೊಟ್ಟು ಹೊಸ ಬ್ಯಾಟರಿ ಹಾಕಿಸಿದೆ. ಆ ಸಂಜೆ ಸೆಲ್ಫ್ ಹೊಡೆದರೆ ಅರ್ಧ ಸುತ್ತಿಗೇ ಎಂಜಿನ್ ಎದ್ದಿತು. ಸಮಾಧಾನವಾಗಿ ಮಲಗಿದೆ.

ಮಂಗಳವಾರ ಬೆಳಿಗ್ಗೆ ಮತ್ತೆ ಟಿಕ್ ಟಿಕ್.

ಆವತ್ತು ಎದುರುಮನೆಯವರ ಗಾಡಿಯಿಂದ ಜಂಪರ್ ಕೇಬಲ್ ಹಾಕಿ ಎಬ್ಬಿಸಿಕೊಂಡು ಹೋದೆವು. ಕೆಂಪು ತಂತಿ ಕೂತ ಬ್ಯಾಟರಿಯ ಪ್ಲಸ್‌ಗೆ, ಕೆಂಪಿನ ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ, ಕಪ್ಪು ಒಳ್ಳೆಯದರ ಮೈನಸ್‌ಗೆ, ಕಪ್ಪಿನ ಕೊನೆಯ ತುದಿ ನಮ್ಮ ಎಂಜಿನ್ನಿನ ಬರಿ ಕಬ್ಬಿಣಕ್ಕೆ. ಈ ಕ್ರಮ ತಪ್ಪಿಸಬಾರದು. ಕೊನೆಯ ತುದಿ ಮುಟ್ಟಿಸುವಾಗ ಕಿಡಿ ಹಾರುತ್ತದೆ. ಬ್ಯಾಟರಿಯಿಂದ ಹೊರಡುವ ಗಾಳಿ ಹೊತ್ತಿಕೊಳ್ಳುವ ಜಾತಿಯದ್ದು, ಅದಕ್ಕೇ ಆ ಕಿಡಿ ಬ್ಯಾಟರಿಯಿಂದ ದೂರ ಹಾರಲಿ ಅಂತ.

ಮಿಲ್ಲಿನಲ್ಲಿ ಮೋಟರ್ ನೋಡಿಕೊಳ್ಳುವ ಎಲೆಕ್ಟ್ರಿಷಿಯನ್ ಹತ್ತಿರ ವಿಷಯ ಹೇಳಿದೆ. ಅವನು ತನ್ನ ಮಲ್ಟಿಮೀಟರ್ ಕೈಗೆ ಕೊಟ್ಟು, ‘ಮೊದಲು ಅಳೀರಿ ಸಾರ್, ಆಮೇಲೆ ರೊಕ್ಕ ಖರ್ಚು ಮಾಡ್ರಿ’ ಅಂದ. ಆ ಮೀಟರಿನಿಂದ ನಾನು ಕಲಿತ ಮೊದಲ ಮೂರು ಅಂಕಿ ಇವು. ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ. 12.2 ಅಂದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಹೆಚ್ಚುಕಡಿಮೆ ಖಾಲಿ. ಎಂಜಿನ್ ಓಡುತ್ತಿರುವಾಗ ಅದೇ ಜಾಗದಲ್ಲಿ 13.8ರಿಂದ 14.5ರ ಒಳಗೆ ಬರಬೇಕು, ಬಂದರೆ ಆಲ್ಟರ್ನೇಟರ್, ಅಂದರೆ ಎಂಜಿನ್ ಜೊತೆ ತಿರುಗಿ ಕರೆಂಟು ಹುಟ್ಟಿಸುವ ಯಂತ್ರ, ಚಾರ್ಜ್ ಮಾಡುತ್ತಿದೆ ಅಂತ. ನಮ್ಮದು 14.1 ತೋರಿಸಿತು. ಬ್ಯಾಟರಿ ಹೊಸದು, ಚಾರ್ಜೂ ಆಗುತ್ತಿದೆ. ಅಂದರೆ ತುಂಬಿಟ್ಟದ್ದು ರಾತ್ರಿ ಹೊತ್ತು ಎಲ್ಲೋ ಸೋರುತ್ತಿದೆ.

ಸೋರಿಕೆ ಅಂದ ಕೂಡಲೇ ನನಗೆ ದಾರಿ ಹೊಳೆಯಿತು. ತಿಂಗಳ ಕೊನೆಗೆ ಲೆಕ್ಕ ತಾಳೆಯಾಗದಿದ್ದರೆ ನಾವು ಇಡೀ ಖಾತೆಪುಸ್ತಕ ಹೊಸದಾಗಿ ಬರೆಯುವುದಿಲ್ಲ. ಒಂದೊಂದೇ ನಮೂದಿಗೆ ಟಿಕ್ ಹಾಕುತ್ತಾ ಹೋಗುತ್ತೇವೆ, ಯಾವುದನ್ನು ತೆಗೆದಾಗ ವ್ಯತ್ಯಾಸ ಅಳಿಯುತ್ತದೋ ಅಲ್ಲಿ ತಪ್ಪು. ಗಾಡಿಯಲ್ಲಿ ಆ ನಮೂದುಗಳೇ ಫ್ಯೂಸುಗಳು.

ಭಾನುವಾರ ಕೂತೆ. ಕೀ ತೆಗೆದು, ಡ್ರೈವರ್ ಕಡೆಯದೊಂದು ಬಿಟ್ಟು ಉಳಿದ ಬಾಗಿಲು, ಡಿಕ್ಕಿ ಎಲ್ಲ ಮುಚ್ಚಿ, ಬಾನೆಟ್ ತೆರೆದಿಟ್ಟೆ. ಕಾಲ ಹತ್ತಿರದ ಫ್ಯೂಸ್ ಪೆಟ್ಟಿಗೆ ಕೈಗೆ ಸಿಗಬೇಕಲ್ಲ, ಅದಕ್ಕೆ ಡ್ರೈವರ್ ಬಾಗಿಲು ತೆರೆದೇ ಇಟ್ಟು, ಬಾಗಿಲ ಚಿಲಕವನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಮುಚ್ಚಿದಂತೆ ಮಾಡಿದೆ. ಇಲ್ಲದಿದ್ದರೆ ಬಾಗಿಲು ತೆರೆದಿದೆ ಅಂತ ಒಳಗಿನ ದೀಪ ಉರಿಯುತ್ತಲೇ ಇರುತ್ತದೆ. ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ, ಆ ತಂತಿಗೂ ಬ್ಯಾಟರಿಗೂ ನಡುವೆ ಮೀಟರನ್ನು ಕೂಡಿಸಿದೆ. ಮೀಟರಿನ ಕೆಂಪು ವೈರು 10 ಆಂಪಿಯರ್ ಅಂತ ಬರೆದ ತೂತಿನಲ್ಲೇ ಇರಬೇಕು. ಈ ಸ್ಥಿತಿಯಲ್ಲಿ ಅಪ್ಪಿತಪ್ಪಿಯೂ ಸೆಲ್ಫ್ ಹೊಡೆಯಬಾರದು. ಸ್ಟಾರ್ಟರ್ ಎಳೆಯುವುದು ನೂರಾರು ಆಂಪಿಯರ್, ಮೀಟರ್ ತಡೆಯುವುದಿಲ್ಲ.

ಮೊದಮೊದಲು ಅಂಕಿ ಎರಡು ಆಂಪಿಯರ್‌ಗಿಂತ ಮೇಲಿತ್ತು. ಗಾಬರಿಯಾಗಿ ಆ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದರೆ, ‘ಅರ್ಧ ತಾಸು ಸುಮ್ಮನೆ ಬಿಡ್ರಿ, ಗಾಡೀದು ಒಳಗಿನ ಕಂಪ್ಯೂಟರ್ ಮಲಗಬೇಕು’ ಅಂದ. ಅರ್ಧ ತಾಸು ಬೇವಿನ ನೆರಳಲ್ಲಿ ಕೂತೆ. ಅಂಕಿ ಇಳಿಯುತ್ತಾ ಬಂದು 0.44ಕ್ಕೆ ನಿಂತಿತು. ಎಲ್ಲ ಸರಿಯಿರುವ ಗಾಡಿ ನಿಂತಾಗ 0.05ಕ್ಕಿಂತ ಹೆಚ್ಚು ಎಳೆಯಬಾರದು. ಕಾಗದದ ಹಿಂದೆ ಲೆಕ್ಕ ಹಾಕಿದೆ. 0.44 ಅಂದರೆ ದಿನಕ್ಕೆ ಸುಮಾರು ಹತ್ತೂವರೆ ಆಂಪಿಯರ್-ಅವರ್. ನಮ್ಮ ಬ್ಯಾಟರಿ 35ರದ್ದು. ಮೂರೂಕಾಲು ದಿನಕ್ಕೆ ಖಾಲಿ! ಶುಕ್ರವಾರದಿಂದ ಮಂಗಳವಾರಕ್ಕೆ ಎಷ್ಟು ದಿನ ಅಂತ ಬೆರಳು ಮಡಚಿ ಎಣಿಸಿದೆ. ಮನಸ್ಸಿಗೆ ಆದ ಖುಷಿ ಹೇಳತೀರದು. ಇನ್ನೂ ತಪ್ಪು ಸಿಕ್ಕಿರಲಿಲ್ಲ, ಆದರೆ ಲೆಕ್ಕ ಸರಿಯಾಗಿ ಕೂತಿತ್ತು.

ಒಂದೊಂದೇ ಫ್ಯೂಸ್ ಕಿತ್ತೆ. ಕಿತ್ತು ಮೀಟರ್ ನೋಡುವುದು, ಬದಲಾಗದಿದ್ದರೆ ಅಲ್ಲೇ ಕೂಡಿಸಿ ಮುಂದಿನದ್ದಕ್ಕೆ ಹೋಗುವುದು. ಸ್ಟೀರಿಯೋ ಅಲ್ಲ, ಹಾರ್ನ್ ಅಲ್ಲ, ಪವರ್ ವಿಂಡೋ ಅಲ್ಲ. ಒಳದೀಪದ ಫ್ಯೂಸ್ ಕಿತ್ತಾಗ 0.44 ಒಮ್ಮೆಗೇ 0.02ಕ್ಕೆ ಬಿತ್ತು. ಆದರೆ ಒಳದೀಪ ಆರಿಯೇ ಇದೆಯಲ್ಲ! ಮೇಲಿನದು ಆರಿದೆ, ಬಾಗಿಲದ್ದು ಆರಿದೆ. ಗಾಡಿಯ ಪುಸ್ತಕ ತೆಗೆದು ಆ ಫ್ಯೂಸಿನ ಮುಂದೆ ಏನೇನು ಬರೆದಿದೆ ಅಂತ ಓದಿದೆ. ಕೊನೆಯಲ್ಲಿ ಡಿಕ್ಕಿಯ ದೀಪ ಅಂತಿತ್ತು.

ಡಿಕ್ಕಿ ತೆರೆದರೆ ದೀಪ ಹತ್ತಲೇಬೇಕು. ಮುಚ್ಚಿದಾಗ ಆರುತ್ತದೋ ಇಲ್ಲವೋ, ಹೊರಗೆ ನಿಂತವನಿಗೆ ಹೇಗೆ ತಿಳಿಯಬೇಕು? ಫ್ಯೂಸ್ ತಿರುಗಿ ಹಾಕಿ, ನನ್ನ ಫೋನಿನಲ್ಲಿ ವಿಡಿಯೋ ಶುರು ಮಾಡಿ, ಗಾಲಿಕುರ್ಚಿಗೆ ಆನಿಸಿ ನಿಲ್ಲಿಸಿ ಡಿಕ್ಕಿ ಮುಚ್ಚಿದೆ. ಐದು ನಿಮಿಷ ಬಿಟ್ಟು ತೆಗೆದು ನೋಡಿದೆ. ಮುಚ್ಚಳ ಬಿದ್ದ ಸದ್ದು ಕೇಳುತ್ತದೆ, ಹೊರಗಿನ ಬೆಳಕು ಹೋಗುತ್ತದೆ, ಆಮೇಲೆ ಐದು ನಿಮಿಷವೂ ಹಳದಿ ಬೆಳಕಿನಲ್ಲಿ ಅವ್ವನ ಕುರ್ಚಿಯ ಗಾಲಿಯ ಕಡ್ಡಿಗಳು ಹೊಳೆಯುತ್ತಲೇ ಇವೆ.

ಐದು ವ್ಯಾಟಿನ ಸಣ್ಣ ಬಲ್ಬು. ಡಿಕ್ಕಿಯ ಅಂಚಿನಲ್ಲಿ ಗುಂಡಿಯಂಥ ಒಂದು ಸ್ವಿಚ್ ಇದೆ. ಮುಚ್ಚಳದಲ್ಲಿರುವ ರಬ್ಬರಿನ ತುಂಡು ಬಂದು ಅದನ್ನು ಒತ್ತಿದರೆ ದೀಪ ಆರುತ್ತದೆ. ಆ ರಬ್ಬರು ಬಿಸಿಲಿಗೆ ಒಣಗಿ ಗಡಸಾಗಿತ್ತು, ಅದರ ತಲೆಯೇ ಹಾರಿಹೋಗಿತ್ತು. ಗಾಲಿಕುರ್ಚಿಯನ್ನು ವಾರಕ್ಕೆ ನಾಲ್ಕು ಸಲ ಎತ್ತಿ ಹಾಕಿ ತೆಗೆಯುವಾಗ ಅದರ ಹಿಡಿ ಮುಚ್ಚಳದ ಅಂಚಿಗೆ ತಾಗುತ್ತಿತ್ತು. ಮುರಿದ ತುಂಡು ಸ್ಟೆಪ್ನಿ ಗುಳಿಯಲ್ಲಿ ಸಿಕ್ಕಿತು. ಸೈಕಲ್ ಅಂಗಡಿಯಲ್ಲಿ ಬ್ರೇಕಿನ ರಬ್ಬರ್ ಹತ್ತು ರೂಪಾಯಿಗೆ ತಂದು, ಕತ್ತರಿಸಿ ಕೂಡಿಸಿದೆ. ಮೀಟರ್ 0.02 ತೋರಿಸಿತು. ಹಳೆ ಬ್ಯಾಟರಿಯಲ್ಲಿ ಏನೂ ದೋಷ ಇರದಿದ್ದಿರಬಹುದು, ಅದನ್ನು ಕೊಟ್ಟಾಗಿತ್ತು. ಅಂದಿನಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ತಾರೀಕು, ಕಿಲೋಮೀಟರ್, ಏನು ಕಂಡಿತು, ಏನು ಅಳೆದೆ, ಯಾವ ಒಂದನ್ನು ಬದಲಿಸಿದೆ. ಒಂದೇ ಹೊತ್ತಿಗೆ ಎರಡು ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಎಂದಿಗೂ ಗೊತ್ತಾಗುವುದಿಲ್ಲ.

ಮೇ ತಿಂಗಳಲ್ಲಿ ಬಂದದ್ದು ಇದಕ್ಕಿಂತ ಭಯದ್ದು. ಊರೊಳಗಿನ ತೀನ್ ಕಂದೀಲ್ ಸರ್ಕಲ್ ಹತ್ತಿರ ಗದ್ದಲದಲ್ಲಿ ಸಿಕ್ಕಿಕೊಂಡಿದ್ದೆವು. ಟೆಂಪರೇಚರ್ ಮುಳ್ಳು ಯಾವಾಗಲೂ ನಡುವಿಗೆ ನಿಲ್ಲುವುದು, ಆವತ್ತು ನೋಡನೋಡುತ್ತಾ ಕೆಂಪು ಗೆರೆಯ ಹತ್ತಿರ ಹೋಯಿತು. ಎಸಿ ಆರಿಸಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಕಿಟಕಿ ಇಳಿಸಿದೆ. ಮೇ ತಿಂಗಳ ರಾಯಚೂರಿನಲ್ಲಿ ಹೀಟರ್! ಆದರೆ ಎಂಜಿನ್ನಿನ ಬಿಸಿಯನ್ನು ಒಂದಿಷ್ಟಾದರೂ ಹೊರಗೆ ಎಳೆಯುವ ದಾರಿ ಅದೊಂದೇ. ಸಂದಿ ಸಿಕ್ಕ ಕಡೆ ನಿಲ್ಲಿಸಿ ಎಂಜಿನ್ ಬಂದ್ ಮಾಡಿದೆ. ಅವ್ವನಿಗೆ ಪೇಪರಿನಿಂದ ಗಾಳಿ ಹಾಕುತ್ತಾ ಮುಕ್ಕಾಲು ತಾಸು ಕೂತೆ. ಯಾರೋ ಬಂದು ರೇಡಿಯೇಟರ್ ಮುಚ್ಚಳ ತೆಗೆದು ನೀರು ಹಾಕಲು ಮುಂದಾದರು, ಕೈ ಹಿಡಿದು ನಿಲ್ಲಿಸಿದೆ. ಒಳಗಿನ ನೀರು ಒತ್ತಡದಲ್ಲಿರುವುದರಿಂದ 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ತಿರುಗಿಸಿದ ಕ್ಷಣ ಒತ್ತಡ ಹೋಗಿ ಎಲ್ಲವೂ ಒಮ್ಮೆಗೇ ಕುದಿದು ಮುಖಕ್ಕೆ ಹಾರುತ್ತದೆ. ಎಂಜಿನ್ ಪೂರ್ತಿ ತಣ್ಣಗಾಗುವವರೆಗೆ ಆ ಮುಚ್ಚಳ ಮುಟ್ಟಬಾರದು. ಇದನ್ನು ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತೇನೆ.

ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಬಾನೆಟ್ ಎತ್ತಿ ಎರಡು ನಿಮಿಷ ನೋಡಿ, ‘ಹೆಡ್ ಗ್ಯಾಸ್ಕೆಟ್ ಹೋಗ್ಯಾದ, ಎಂಜಿನ್ ಬಿಚ್ಚಬೇಕು, ಮೂವತ್ತು ಸಾವಿರ ಹಿಡೀರಿ, ಒಂದು ವಾರ ಗಾಡಿ ಬಿಡ್ರಿ’ ಅಂದರು. ಮೂವತ್ತು ಸಾವಿರಕ್ಕಿಂತ ಆ ಒಂದು ವಾರ ನನ್ನನ್ನು ಹೆದರಿಸಿತು. ವಿಚಾರ ಮಾಡಿ ಹೇಳುತ್ತೇನೆ ಅಂತ ಗಾಡಿ ಮನೆಗೆ ತಂದೆ.

ಹೆಡ್ ಗ್ಯಾಸ್ಕೆಟ್ ಅಂದರೆ ಎಂಜಿನ್ನಿನ ಮೇಲಿನ ಭಾಗಕ್ಕೂ ಕೆಳಗಿನ ಭಾಗಕ್ಕೂ ನಡುವೆ ಸೋರದಂತೆ ಹಾಕಿದ ತೆಳು ಹಾಳೆ. ಅದು ಹೋಗಿದ್ದರೆ ಅದರ ಗುರುತುಗಳು ಕಾಣಬೇಕು. ಆಯಿಲ್ ಕಡ್ಡಿ ಎಳೆದು ನೋಡಿದೆ. ನೀರು ಬೆರೆತಿದ್ದರೆ ಹಾಲು ಹಾಕಿದ ಕಾಫಿಯ ಬಣ್ಣ ಬರುತ್ತದೆ, ನಮ್ಮದು ಬರಿ ಎಣ್ಣೆ. ಬೆಳಿಗ್ಗೆ ಸ್ಟಾರ್ಟ್ ಮಾಡಿ ಸೈಲೆನ್ಸರ್ ಹಿಂದೆ ನಿಂತೆ. ಬಿಡದೆ ಬರುವ ಬಿಳಿ ಹೊಗೆ ಇಲ್ಲ. ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದಿಟ್ಟು, ಎಂಜಿನ್ ಶುರು ಮಾಡಿ ಸ್ವಲ್ಪ ಹೊತ್ತು ನೋಡಿದೆ. ಒಂದೇ ಸಮನೆ ಏಳುವ ಗುಳ್ಳೆ ಇಲ್ಲ. ಎಂಜಿನ್ ತಣಿಸುವ ಕೂಲಂಟಿನ ಡಬ್ಬಿಯಲ್ಲಿ ಮಟ್ಟ ಕೆಳಗಿನ ಗೆರೆಗಿಂತ ಚೂರು ಮೇಲಿದೆ.

ಇನ್ನೊಂದು ಸುಳಿವು ನನ್ನ ನೋಟ್‌ಬುಕ್ಕಿನಲ್ಲೇ ಇತ್ತು. ಹಿಂದಿನ ಭಾನುವಾರ ಶಕ್ತಿನಗರದಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆವು. ಸ್ಟೇಷನ್ ರಸ್ತೆಯಲ್ಲಿ ನಿಂತಾಗ ಮುಳ್ಳು ಏರಿತ್ತು, ಊರು ದಾಟಿ ಅರವತ್ತರ ವೇಗದಲ್ಲಿ ಓಡುವಾಗ ತಾನಾಗಿ ನಡುವಿಗೆ ಇಳಿದಿತ್ತು. ಓಡುವಾಗ ಎದುರುಗಾಳಿ ರೇಡಿಯೇಟರನ್ನು ತಣಿಸುತ್ತದೆ. ನಿಂತಾಗ ಆ ಕೆಲಸ ಫ್ಯಾನಿನದು. ನಿಂತಾಗ ಏರಿ ಓಡುವಾಗ ಇಳಿದರೆ ಮೊದಲ ಅನುಮಾನ ಫ್ಯಾನಿನ ಮೇಲೆ. ಗ್ಯಾಸ್ಕೆಟ್ಟೋ, ನೀರು ತಿರುಗಿಸುವ ಪಂಪೋ ಕೆಟ್ಟಿದ್ದರೆ ಜೋರಾಗಿ ಓಡಿಸಿದಾಗಲೇ ಹೆಚ್ಚು ಬಿಸಿಯಾಗುವ ಸಂಭವ.

ಎಸಿ ಹಾಕಿದರೆ ಫ್ಯಾನು ತಿರುಗಬೇಕು. ಹಾಕಿ ಇಣುಕಿದೆ, ರೆಕ್ಕೆ ಅಲ್ಲಾಡಲಿಲ್ಲ. ಫ್ಯೂಸ್ ಸರಿ. ಕರೆಂಟು ಹಚ್ಚಿ ಆರಿಸುವ ಸಣ್ಣ ಸ್ವಿಚ್ಚಿನ ಡಬ್ಬಿಗೆ ರಿಲೇ ಅನ್ನುತ್ತಾರೆ. ಫ್ಯಾನಿನ ರಿಲೇ ಮತ್ತು ಹಾರ್ನಿನ ರಿಲೇ ನಮ್ಮ ಗಾಡಿಯಲ್ಲಿ ಒಂದೇ ನಂಬರಿನವು. ಅದಲು ಬದಲು ಮಾಡಿದೆ. ಫ್ಯಾನಿನ ರಿಲೇಯಿಂದ ಹಾರ್ನ್ ಗಟ್ಟಿಯಾಗಿ ಕೂಗಿತು, ಅಂದರೆ ರಿಲೇ ಸರಿ. ಹಾರ್ನಿನ ರಿಲೇ ಹಾಕಿದರೂ ಫ್ಯಾನು ಏಳಲಿಲ್ಲ. ಕೊನೆಗೆ ಫ್ಯಾನಿನ ಪ್ಲಗ್ ಬಿಚ್ಚಿ ಮೀಟರ್ ಹಿಡಿದೆ. ಎಸಿ ಹಾಕಿದಾಗ ಅಲ್ಲಿಯವರೆಗೆ 12 ವೋಲ್ಟ್ ಬರುತ್ತಿದೆ. ಕರೆಂಟು ಬಾಗಿಲ ತನಕ ಬಂದಿದೆ, ಒಳಗಿನವನು ಏಳುತ್ತಿಲ್ಲ. ಮೋಟರೇ ಕೆಟ್ಟಿದೆ.

ಬ್ಯಾಟರಿ ತಂತಿ ಬಿಚ್ಚಿ, ಕೀ ಜೇಬಿಗೆ ಹಾಕಿಕೊಂಡು, ಆಮೇಲೆ ರೆಕ್ಕೆಗೆ ಕೈ ಹಾಕಿದೆ. ಎಂಜಿನ್ ಬಂದ್ ಆಗಿದ್ದರೂ ಫ್ಯಾನು ತನ್ನಷ್ಟಕ್ಕೆ ತಿರುಗಬಲ್ಲದು, ಬೆರಳು ಉಳಿಯುವುದಿಲ್ಲ. ರೆಕ್ಕೆ ಬಿಗಿಯಾಗಿತ್ತು, ತಿರುಗಿಸಿದರೆ ಕರಕರ ಅನ್ನುತ್ತಿತ್ತು. ಟಾರ್ಚ್ ಹಿಡಿದು ಬಗ್ಗಿ ನೋಡಿದಾಗ ಕಂಡದ್ದು ನನಗೆ ದಿನಬೆಳಗಾದರೆ ಕಾಣುವ ವಸ್ತು. ಹತ್ತಿ. ರೆಕ್ಕೆಯ ದಂಡಕ್ಕೆ ನೂಲಿನ ಹಾಗೆ ಸುತ್ತಿಕೊಂಡಿತ್ತು. ರೇಡಿಯೇಟರಿನ ಮುಂದೆ ಎಸಿಯ ಬಿಸಿಯನ್ನು ಹೊರಹಾಕುವ ಕಂಡೆನ್ಸರ್ ಇರುತ್ತದಲ್ಲ, ಅದರ ಮುಖದ ಮೇಲೆ ಹತ್ತಿಯ ಎಳೆ, ಧೂಳು, ಉಷ್ಣ ವಿದ್ಯುತ್ ಸ್ಥಾವರವಿರುವ ಶಕ್ತಿನಗರದ ದಾರಿಯ ಬೂದಿ ಎಲ್ಲ ಸೇರಿ ಕಂಬಳಿಯ ಹಾಗೆ ಹೆಪ್ಪುಗಟ್ಟಿತ್ತು. ಒಂದು ಮೂಲೆ ಹಿಡಿದು ಎಳೆದರೆ ಅಂಗೈ ಅಗಲದ ಬೂದುಬಣ್ಣದ ಹಾಳೆ ಸದ್ದಿಲ್ಲದೆ ಸುಲಿದು ಬಂತು. ಅವ್ವನನ್ನು ಆಸ್ಪತ್ರೆಯಲ್ಲಿ ಬಿಟ್ಟು ಆ ನಾಲ್ಕು ತಾಸು ನಾನು ಗಾಡಿ ನಿಲ್ಲಿಸುತ್ತಿದ್ದುದು ಮಿಲ್ಲಿನ ಅಂಗಳದಲ್ಲಿ. ಸೀಜನ್ನಿನಲ್ಲಿ ಅಲ್ಲಿ ಗಾಳಿಯೇ ಹತ್ತಿ. ಬರುತ್ತಾ ಹೋಗುತ್ತಾ ಫ್ಯಾನು ಅದನ್ನೇ ಎಳೆದುಕೊಂಡಿದೆ.

ಹೊಸ ಮೋಟರನ್ನು ನಾನು ಹಾಕಲಿಲ್ಲ. ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಒಂದು ತಾಸಿನಲ್ಲಿ ಕೂಡಿಸಿಕೊಟ್ಟರು, ಸಾಮಾನು ಕೂಲಿ ಸೇರಿ 3,100. ಕಂಡೆನ್ಸರ್ ತೊಳೆದದ್ದು ಮಾತ್ರ ನಾನೇ, ಸಂಜೆ ಎಲ್ಲ ತಣ್ಣಗಾದ ಮೇಲೆ, ತೋಟದ ಪೈಪಿನ ಸಣ್ಣ ಧಾರೆಯಲ್ಲಿ. ಅದರ ಹಲ್ಲುಗಳು ಹಪ್ಪಳದಷ್ಟು ತೆಳು. ವಾಟರ್ ಸರ್ವಿಸ್ಸಿನ ಜೋರು ಧಾರೆ ಹಿಡಿದರೆ ಮಡಚಿಕೊಂಡು ಗಾಳಿಯ ದಾರಿ ಇನ್ನಷ್ಟು ಮುಚ್ಚುತ್ತದೆ. ರೇಡಿಯೇಟರಿನಿಂದ ಕಂದುಬಣ್ಣದ ನೀರೂ ಬಂತು. ಹಿಂದಿನ ಮಾಲೀಕರು ಬೋರಿನ ನೀರು ತುಂಬಿದ್ದಿರಬೇಕು. ನಮ್ಮ ಕಡೆಯ ಬೋರಿನ ನೀರು ಕೊಡದ ತಳಕ್ಕೆ ಬಿಳಿ ಪದರ ಕಟ್ಟುವುದನ್ನು ನೋಡಿದ್ದೀರಲ್ಲ, ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಅದೇ ಕಟ್ಟುತ್ತದೆ. ಗ್ಯಾರೇಜಿನಲ್ಲಿ ತೊಳೆಸಿ, ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ ತುಂಬಿಸಿದೆ.

ಇದರ ಜೊತೆಗೆ ಎಸಿಯೂ ಸರಿಹೋಯಿತು. ಎಸಿ ತಂಪು ಸಾಲದು ಅಂದರೆ ಎಲ್ಲರೂ ಗ್ಯಾಸ್ ತುಂಬಿಸಲು ಓಡುತ್ತಾರೆ. ಅದಕ್ಕೆ ಮುಂಚೆ ಗ್ಲೋವ್ ಬಾಕ್ಸ್ ಇಳಿಸಿ ಹಿಂದಿನ ಕ್ಯಾಬಿನ್ ಫಿಲ್ಟರ್ ಎಳೆದು ನೋಡಿ. ನಮ್ಮದರಲ್ಲಿ ಬೇವಿನ ಎಲೆ, ಹತ್ತಿ, ಒಂದು ಸತ್ತ ಜೀರುಂಡೆ. ಹೊಸ ಫಿಲ್ಟರ್ 350 ರೂಪಾಯಿ, ಹಾಕಲು ಐದು ನಿಮಿಷ. ಅವ್ವ ‘ಸೆರಗು ಹೊದಿಸು, ಚಳಿ’ ಅಂದಳು.

ಟೈರಿನದು ದೊಡ್ಡ ಮಾತಿಲ್ಲ. ಗಾಳಿ ಬೆಳಿಗ್ಗೆ, ಗಾಡಿ ಓಡುವ ಮುಂಚೆ ಅಳೆಯಬೇಕು. ಎಷ್ಟಿರಬೇಕು ಅಂತ ಡ್ರೈವರ್ ಬಾಗಿಲ ಕಂಬದ ಮೇಲೆ ಬರೆದಿರುತ್ತದೆ. ಒಂದೇ ಟೈರು ವಾರವಾರ ಇಳಿಯುತ್ತಿದ್ದರೆ ಸೋಪಿನ ನೀರು ಸವರಿ, ವಾಲ್ವಿನ ಬಾಯಿಗೂ ಹಚ್ಚಿ. ನಮ್ಮದು ಅಲ್ಲೇ ಗುಳ್ಳೆ ಬಿಟ್ಟಿತು.

ಆಗಸ್ಟಿನ ಮಳೆಯಲ್ಲಿ ಎಂಜಿನ್ ಮಿಸ್ ಹೊಡೆಯಲು ಶುರುವಾಯಿತು. ನಿಂತಾಗ ಗಡಗಡ ನಡುಗುವುದು, ಎರಡನೇ ಗೇರಿನಲ್ಲಿ ಜಗ್ಗುವುದು, ಮೀಟರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ. ಅದು ಸುಮ್ಮನೆ ಹತ್ತಿದ್ದರೆ ನಿಧಾನವಾಗಿ ಮನೆ ಸೇರಬಹುದು. ಮಿಣಮಿಣ ಅಂತಿದ್ದರೆ ಓಡಿಸಲೇಬಾರದು. ಉರಿಯದ ಪೆಟ್ರೋಲ್ ಸೈಲೆನ್ಸರಿಗೆ ಇಳಿದು ಅಲ್ಲಿ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಟ್ಟುಬಿಡುತ್ತದೆ, ಅದರ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ.

ಬ್ಲೂಟೂತ್ ಸ್ಕ್ಯಾನರ್ ಒಂದನ್ನು ತರಿಸಿದ್ದೆ. ಸ್ಟೀರಿಂಗಿನ ಕೆಳಗಿನ ಸಾಕೆಟ್ಟಿಗೆ ಚುಚ್ಚಿದರೆ ಫೋನಿನಲ್ಲಿ ಕೋಡ್ ತೋರಿಸುತ್ತದೆ. ಬಂದದ್ದು ಪಿ0303. ಕೊನೆಯ 3 ಅಂದರೆ ಮೂರನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ. ಆದರೆ ಕಾರಣ ಕಿಡಿ ಹಾರಿಸುವ ಪ್ಲಗ್ಗೋ, ಅದಕ್ಕೆ ಕರೆಂಟು ಕೊಡುವ ಕಾಯಿಲ್ಲೋ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರೋ ಅದು ಹೇಳುವುದಿಲ್ಲ. ಎಂಜಿನ್ ತಣ್ಣಗಾದ ಮೇಲೆ ಮೂರನೆಯ ಕಾಯಿಲನ್ನು ಎರಡಕ್ಕೆ, ಎರಡನೆಯದನ್ನು ಮೂರಕ್ಕೆ ಹಾಕಿದೆ. ಬೇರೆ ಏನೂ ಮುಟ್ಟಲಿಲ್ಲ. ಕೋಡ್ ಅಳಿಸಿ, ಓಣಿಯಲ್ಲಿ ಎರಡು ಸುತ್ತು ಹಾಕಿ ಬಂದು ನೋಡಿದರೆ ಪಿ0302. ದೋಷ ಕಾಯಿಲಿನ ಬೆನ್ನು ಹತ್ತಿ ಎರಡನೇ ಮನೆಗೆ ಹೋಗಿತ್ತು. ಪ್ಲಗ್ಗಿನದೋ ಇಂಜೆಕ್ಟರಿನದೋ ಆಗಿದ್ದರೆ ಮೂರರಲ್ಲೇ ಉಳಿಯಬೇಕಿತ್ತು. ಒಂದು ಕಾಯಿಲ್ ತಂದು ಹಾಕಿದೆ, ಒಂದೇ ಬೋಲ್ಟು. ನಾಲ್ಕೂ ಬದಲಿಸಿ ಅಂದವರಿದ್ದರು.

ಮನೆಯಲ್ಲಿ ಮುಟ್ಟದಿರುವ ಕೆಲಸಗಳೂ ನೋಟ್‌ಬುಕ್ಕಿನ ಮೊದಲ ಪುಟದಲ್ಲಿವೆ. ಬ್ರೇಕಿನ ಆಯಿಲ್ ಕೊಳವೆ ಬಿಚ್ಚುವುದಿಲ್ಲ. ಎಸಿಯ ಗ್ಯಾಸ್ ಬಿಚ್ಚುವುದಿಲ್ಲ. ಸ್ಟೀರಿಂಗ್, ಸೀಟಿನ ಅಡಿಯ ಹಳದಿ ಪ್ಲಗ್ಗುಗಳು ಏರ್‌ಬ್ಯಾಗಿನವು, ಅವುಗಳ ಹತ್ತಿರ ಕೈ ಒಯ್ಯುವುದಿಲ್ಲ. ಬರಿ ಜ್ಯಾಕ್ ಮೇಲೆ ನಿಂತ ಗಾಡಿಯ ಕೆಳಗೆ ಮೈ ಹಾಕುವುದಿಲ್ಲ. ಅವ್ವನನ್ನು ಕರೆದೊಯ್ಯಲು ನಾನೂ ಬೇಕಲ್ಲ.

ಈಗ ಒಂದು ವಾರದಿಂದ ಹಂಪ್ ದಾಟುವಾಗ ಮುಂದಿನ ಎಡಗಾಲಿಯ ಕಡೆ ‘ಟಕ್’ ಅಂತ ಸದ್ದು. ನಿಧಾನಕ್ಕೆ ದಾಟಿದರೆ ಕೇಳುತ್ತದೆ, ಜೋರಾಗಿ ದಾಟಿದರೆ ಇಲ್ಲ. ತಿರುವಿನಲ್ಲಿ ಗಾಡಿ ವಾಲದಂತೆ ಹಿಡಿಯುವ ಸ್ಟೆಬಿಲೈಸರ್ ಲಿಂಕಿನ ಮೇಲೆ ಅನುಮಾನ, ಬರೆದಿಟ್ಟಿದ್ದೇನೆ. ಪ್ರತಿ ಸೋಮವಾರ ರಾತ್ರಿ ಊಟ ಆದ ಮೇಲೆ ಟಾರ್ಚ್, ಮೀಟರ್ ಹಿಡಿದು ಬೇವಿನ ಕೆಳಗೆ ಹೋಗುತ್ತೇನೆ. ಅವ್ವ ಒಳಗಿನಿಂದ ‘ಎಷ್ಟದ?’ ಅಂತ ಕೇಳುತ್ತಾಳೆ. ನಿನ್ನೆ 12.5 ಇತ್ತು.